ಕಾರಿನ ಒಬಿಡಿ ಓದುವ ಪ್ರೋಗ್ರಾಂ ನೀವೇ ಬರೆಯಿರಿ: ಅಡಾಪ್ಟರ್‌ನಿಂದ ಫ್ಯುಯೆಲ್ ಟ್ರಿಮ್ ನಕ್ಷೆಯವರೆಗೆ

"ಚೆಕ್ ಎಂಜಿನ್ ದೀಪ ಹತ್ತಿದೆ, ಕೋಡ್ ನಾನೇ ಓದಬಹುದಾ?" "ಪೈಥಾನ್ ಸ್ವಲ್ಪ ಬರುತ್ತೆ, ಕಾರಿಗೆ ಏನಾದ್ರೂ ಬರೀಬಹುದಾ?" "ಟ್ಯೂನಿಂಗ್ ಕಲಿಯೋಕೆ ಎಲ್ಲಿಂದ ಶುರು ಮಾಡ್ಲಿ?" ಈ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಮೂರಕ್ಕೂ ದಾರಿ ಒಂದೇ. ಕಾರಿನ ಒಬಿಡಿ ಪೋರ್ಟಿನಿಂದ ಬಂದದ್ದನ್ನು ಬಂದ ಹಾಗೆಯೇ ಕಡತಕ್ಕೆ ಇಳಿಸುವ ಒಂದು ಸಣ್ಣ ಪ್ರೋಗ್ರಾಂ ಮೊದಲು ಬರೆಯಿರಿ. ಮೀಟರು, ಗ್ರಾಫು, ಬಣ್ಣದ ಪರದೆ ಎಲ್ಲ ಆಮೇಲೆ. ಇಂಥ ಪ್ರಾಜೆಕ್ಟುಗಳು ಅರ್ಧದಲ್ಲೇ ನಿಲ್ಲಲು ಬಹುಪಾಲು ಕಾರಣ ಮೀಟರಿನ ಮುಳ್ಳು ಬಿಡಿಸುವುದರಿಂದ ಶುರು ಮಾಡುವುದು. ಮುಳ್ಳು ತಪ್ಪು ತೋರಿಸಿದಾಗ ದೋಷ ಕಾರಿನದೋ, ಅಡಾಪ್ಟರಿನದೋ, ನಿಮ್ಮ ಲೆಕ್ಕದ್ದೋ ಎಂದು ಹುಡುಕಲು ಕೈಯಲ್ಲಿ ಏನೂ ಇರುವುದಿಲ್ಲ.

ಮುಂದೆ ಬರುವ ಪದಗಳು ಇಷ್ಟು. ಇಸಿಯು ಎಂದರೆ ಎಂಜಿನ್ನಿನ ಕಂಪ್ಯೂಟರ್. ಒಬಿಡಿ ಎಂದರೆ ಆ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಹೊರಗಿನವರಿಗೆ ವರದಿ ಒಪ್ಪಿಸುವ ವ್ಯವಸ್ಥೆ. ಪಿಐಡಿ ಎಂದರೆ ನೀವು ಕೇಳುವ ಒಂದೊಂದು ಅಳತೆಯ ಸಂಖ್ಯೆ. ಡಿಟಿಸಿ ಎಂದರೆ ದೋಷದ ಕೋಡ್. ಕ್ಯಾನ್ ಎಂದರೆ ಕಾರಿನೊಳಗಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಎರಡು ತಂತಿಗಳ ಜಾಲ. ಫ್ಯುಯೆಲ್ ಟ್ರಿಮ್ ಎಂದರೆ ಇಸಿಯು ಇಂಧನದಲ್ಲಿ ಮಾಡಿಕೊಳ್ಳುವ ಹೆಚ್ಚುಕಡಿಮೆ, ವಿವರ ಹಂತ 7ರಲ್ಲಿ.

ಬರಹದ ಒಂದು ಅನುಕೂಲ: ಕಮಾಂಡುಗಳನ್ನೂ ಹೆಕ್ಸ್ (ಹದಿನಾರರ ಎಣಿಕೆಯ) ಅಂಕಿಗಳ ಎ, ಬಿ, ಸಿ, ಡಿ, ಇ, ಎಫ್ ಅಕ್ಷರಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ದೊಡ್ಡಕ್ಷರ ಒತ್ತಿ.

ನಿಮ್ಮ ಕಾರಿಗೆ ಇದು ಆಗುತ್ತದೆಯೇ?

ಭಾರತದಲ್ಲಿ ಒಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದರ ನಂತರದ ಪೆಟ್ರೋಲ್, ಡೀಸೆಲ್, ಸಿಎನ್‌ಜಿ ಕಾರುಗಳಲ್ಲಿ ಕೆಲಸ ನಡೆಯುತ್ತದೆ. 2010ರಿಂದ 2013ರ ನಡುವಿನವು ಕೆಲವು ಉತ್ತರಿಸುತ್ತವೆ, ಕೆಲವು ಇಲ್ಲ. ಒಬಿಡಿ ಇರುವುದೇ ಹೊಗೆಯ ನಿಯಂತ್ರಣಕ್ಕಾಗಿ, ಹಾಗಾಗಿ ಎಲೆಕ್ಟ್ರಿಕ್ ಕಾರುಗಳು ಈ ಪಿಐಡಿಗಳಿಗೆ ಉತ್ತರಿಸಲೇಬೇಕೆಂದಿಲ್ಲ.

ಪೋರ್ಟ್ ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗೆ, ಫ್ಯೂಸ್ ಡಬ್ಬಿಯ ಅಕ್ಕಪಕ್ಕ ಇರುತ್ತದೆ. ಅದರಲ್ಲಿ 16 ಪಿನ್. 4 ಮತ್ತು 5 ಗ್ರೌಂಡ್, 16 ನೇರ ಬ್ಯಾಟರಿ, 6 ಮತ್ತು 14 ಕ್ಯಾನ್, 7 ಹಳೆಯ ಕೆ-ಲೈನ್ (ಕ್ಯಾನ್ ಬರುವ ಮೊದಲು ಇದ್ದ ಸಂಪರ್ಕದ ತಂತಿ). 16ನೇ ಪಿನ್‌ನಲ್ಲಿ ಕೀ ತೆಗೆದ ಮೇಲೂ ಕರೆಂಟ್ ಇರುತ್ತದೆ. ಅಡಾಪ್ಟರನ್ನು ಅಲ್ಲೇ ಬಿಟ್ಟು ವಾರ ಊರಿಗೆ ಹೋದರೆ ಬ್ಯಾಟರಿ ಕೂತುಬಿಡಬಹುದು. ಕೆಲಸ ಮುಗಿದ ಕೂಡಲೇ ಕಿತ್ತಿಡಿ.

ಬೇಕಾದ ಸಾಮಾನು

ಇಎಲ್‌ಎಂ327 ಮಾದರಿಯ ಅಡಾಪ್ಟರ್ (ಕಾರಿನ ಪೋರ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಾಧನ) ಒಂದು, ಲ್ಯಾಪ್‌ಟಾಪ್ ಒಂದು, ಅದರಲ್ಲಿ ಪೈಥಾನ್ 3 ಮತ್ತು ಪೈಸೀರಿಯಲ್ ಲೈಬ್ರರಿ. ಅಷ್ಟೇ.

ಅಡಾಪ್ಟರ್ ಆರಿಸುವಾಗ ಮಾತ್ರ ಎಚ್ಚರ. ಇಎಲ್‌ಎಂ327 ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಚಿಪ್. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಅದರ ನಕಲು. ನಕಲು ಎಂದ ಮಾತ್ರಕ್ಕೆ ಬಿಸಾಡಬೇಕಿಲ್ಲ, ಆದರೆ ಪೆಟ್ಟಿಗೆಯ ಮೇಲಿನ ಆವೃತ್ತಿ ಸಂಖ್ಯೆಯನ್ನು ನಂಬಬೇಡಿ. "1.5" ಎಂಬ ಆವೃತ್ತಿಯನ್ನು ಎಲ್ಮ್ ಹೊರತಂದೇ ಇಲ್ಲ. "2.1" ಎಂದು ಹೇಳಿಕೊಳ್ಳುವ ಎಷ್ಟೋ ನಕಲುಗಳಲ್ಲಿ ಮೂಲ ಚಿಪ್ಪಿನ ಅರ್ಧ ಕಮಾಂಡುಗಳೇ ಇಲ್ಲ, ಕೇಳಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಕೊಟ್ಟು ಸುಮ್ಮನಾಗುತ್ತವೆ. ಬಜೆಟ್ ಇದ್ದರೆ ಎಸ್‌ಟಿಎನ್ ಚಿಪ್ ಇರುವ ಒಬಿಡಿಲಿಂಕ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಯುಎಸ್‌ಬಿ ಕೇಬಲ್ಲಿನ ನಕಲು ಸಾಕು.

ಬ್ಲೂಟೂತ್‌ಗಿಂತ ಯುಎಸ್‌ಬಿ ಹೇಳುವುದಕ್ಕೆ ಕಾರಣ ಇದೆ. ವಿಂಡೋಸ್‌ನಲ್ಲಿ ಬ್ಲೂಟೂತ್ ಜೋಡಿಸಿದರೆ ಎರಡು ಕಾಮ್ ಪೋರ್ಟ್ ಕಾಣುತ್ತವೆ, ಔಟ್‌ಗೋಯಿಂಗ್ ಎಂದಿರುವುದು ಮಾತ್ರ ಕೆಲಸ ಮಾಡುತ್ತದೆ. ಐಫೋನ್ ಹಳೆಯ ಬ್ಲೂಟೂತ್ ಸೀರಿಯಲ್ ಅಡಾಪ್ಟರುಗಳನ್ನು ಒಪ್ಪುವುದಿಲ್ಲ. ವೈಫೈ ಅಡಾಪ್ಟರ್ ಹಾಕಿದರೆ (ಸಾಮಾನ್ಯವಾಗಿ 192.168.0.10, ಪೋರ್ಟ್ 35000) ಲ್ಯಾಪ್‌ಟಾಪಿನ ಇಂಟರ್ನೆಟ್ ಹೋಗುತ್ತದೆ. ಲಿನಕ್ಸ್‌ನಲ್ಲಿ ಯುಎಸ್‌ಬಿ ಕೇಬಲ್ "ಅನುಮತಿ ಇಲ್ಲ" ಎಂದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಹಂತ 1: ಮೊದಲು ಕೈಯಾರೆ ಕೇಳಿ

ಕೋಡ್ ಬರೆಯುವ ಮೊದಲು ಪುಟ್ಟಿ ಎಂಬ ತಂತ್ರಾಂಶದಂಥ ಟರ್ಮಿನಲ್ ತೆರೆದು ಅಡಾಪ್ಟರಿನ ಜೊತೆ ನೀವೇ ಮಾತಾಡಿ. ವೇಗ 38400, ಕಸದಂಥ ಅಕ್ಷರ ಬಂದರೆ 9600 ಅಥವಾ 115200. ಇಗ್ನಿಷನ್ ಆನ್ ಇರಲಿ, ಎಂಜಿನ್ ಸ್ಟಾರ್ಟ್ ಬೇಡ. ಬಟನ್ ಸ್ಟಾರ್ಟ್ ಕಾರಾದರೆ ಬ್ರೇಕು, ಕ್ಲಚ್ಚು ಒತ್ತದೆ ಬಟನ್ ಒತ್ತುತ್ತಾ ಮೀಟರಿನ ದೀಪಗಳೆಲ್ಲ ಹತ್ತುವ ಸ್ಥಿತಿಗೆ ತನ್ನಿ.

ಒಂದೊಂದಾಗಿ ಕೊಡಿ, ಪ್ರತಿಯೊಂದರ ನಂತರ ಎಂಟರ್:

ಎಟಿಝಡ್ – ರೀಸೆಟ್. ಚಿಪ್ ತನ್ನ ಹೆಸರು ಹೇಳುತ್ತದೆ.
ಎಟಿಇ0 – ನೀವು ಕಳಿಸಿದ್ದನ್ನೇ ವಾಪಸ್ ತೋರಿಸುವುದು ನಿಲ್ಲುತ್ತದೆ.
ಎಟಿಎಲ್0 – ಹೆಚ್ಚುವರಿ ಲೈನ್‌ಫೀಡ್ ನಿಲ್ಲುತ್ತದೆ.
ಎಟಿಎಚ್1 – ಯಾವ ಇಸಿಯು ಉತ್ತರಿಸಿತು ಎಂಬ ವಿಳಾಸ ಕಾಣುತ್ತದೆ.
ಎಟಿಎಸ್‌ಪಿ0 – ಪ್ರೋಟೋಕಾಲ್ ತಾನೇ ಹುಡುಕಿಕೊಳ್ಳಲಿ.
ಎಟಿಆರ್‌ವಿ – ಬ್ಯಾಟರಿ ವೋಲ್ಟೇಜ್. ಎಂಜಿನ್ ನಿಂತಾಗ 12ರ ಆಸುಪಾಸು ಬರಬೇಕು.
0100 – ಇದು ಕಾರಿಗೆ ಹೋಗುವ ಮೊದಲ ಪ್ರಶ್ನೆ.

0100 ಕೊಟ್ಟಾಗ ಅಡಾಪ್ಟರ್ "ಸರ್ಚಿಂಗ್" ಎಂದು ಕೆಲವು ಸೆಕೆಂಡ್ ಹುಡುಕಿ, 7ಇ8 ಎಂದು ಶುರುವಾಗುವ ಸಾಲು ಕೊಟ್ಟರೆ ಗೆದ್ದಿರಿ. 7ಇ8 ಎಂಬುದು ಕ್ಯಾನ್‌ನಲ್ಲಿ ಎಂಜಿನ್ ಇಸಿಯುವಿನ ಉತ್ತರದ ವಿಳಾಸ. ಆಟೊಮ್ಯಾಟಿಕ್ ಕಾರಿನಲ್ಲಿ 7ಇ9 ಎಂದು ಇನ್ನೊಂದು ಸಾಲು ಬಂದರೆ ಅದು ಸಾಮಾನ್ಯವಾಗಿ ಗೇರ್‌ಬಾಕ್ಸಿನದು. "ಅನೇಬಲ್ ಟು ಕನೆಕ್ಟ್" ಎಂದು ಬಂದರೆ ಹತ್ತರಲ್ಲಿ ಒಂಬತ್ತು ಸಲ ಇಗ್ನಿಷನ್ ಆನ್ ಆಗಿಲ್ಲ, ಇಲ್ಲವೇ ಅಡಾಪ್ಟರ್ ಪೂರ್ತಿ ಒಳಗೆ ಕೂತಿಲ್ಲ.

ಈಗ ಎಟಿಡಿಪಿಎನ್ ಕೇಳಿ. "ಎ6" ಎಂದು ಬಂದರೆ ನಿಮ್ಮದು 500 ಕೆಬಿಪಿಎಸ್, 11 ಬಿಟ್ ಕ್ಯಾನ್. ಮುಂದಿನ ಸಲದಿಂದ ಎಟಿಎಸ್‌ಪಿ6 ಎಂದೇ ಕೊಟ್ಟರೆ ಹುಡುಕಾಟದ ಸಮಯ ಉಳಿಯುತ್ತದೆ. ಈ ಇಡೀ ಸಂಭಾಷಣೆಯನ್ನು ಒಂದು ಕಡತದಲ್ಲಿ ಉಳಿಸಿಡಿ, ಕೆಳಗೆ ಬೇಕಾಗುತ್ತದೆ.

ಹಂತ 2: ಕಳಿಸಿ-ಓದುವ ಒಂದೇ ಫಂಕ್ಷನ್

ಇಡೀ ಪ್ರೋಗ್ರಾಂ ನಿಂತಿರುವುದು ಒಂದು ಫಂಕ್ಷನ್ ಮೇಲೆ. ಅದು ಕಮಾಂಡನ್ನು ಕಳಿಸಬೇಕು, ಕೊನೆಗೆ ಕ್ಯಾರೇಜ್ ರಿಟರ್ನ್ (13ನೇ ಅಕ್ಷರ) ಸೇರಿಸಬೇಕು, ಆಮೇಲೆ ">" ಚಿಹ್ನೆ ಬರುವ ತನಕ ಓದುತ್ತಲೇ ಇರಬೇಕು. ಆ ಚಿಹ್ನೆಯೇ "ನನ್ನದು ಮುಗಿಯಿತು, ಮುಂದಿನದು ಕೇಳು" ಎಂಬ ಗುರುತು.

ಇಲ್ಲಿ ಎಡವುವವರು ಬಹಳ. ಸಾಲು ಓದುವ ಫಂಕ್ಷನ್ ಬಳಸಿ ಒಂದು ಸಾಲು ಸಿಕ್ಕಿದ ಕೂಡಲೇ ಮುಂದಿನ ಪ್ರಶ್ನೆ ಕಳಿಸುತ್ತಾರೆ. ಅಡಾಪ್ಟರ್ ಇನ್ನೂ ಹಳೆಯ ಕೆಲಸದಲ್ಲಿರುವಾಗ ಹೊಸ ಅಕ್ಷರ ಬಂದರೆ ಅದು "ಸ್ಟಾಪ್ಡ್" ಎಂದು ಹೇಳಿ ಕೈಬಿಡುತ್ತದೆ. ಇನ್ನು ಕೆಲವರು ಪ್ರತಿ ಪ್ರಶ್ನೆಯ ನಂತರ ಅರ್ಧ ಸೆಕೆಂಡ್ ಸ್ಲೀಪ್ ಹಾಕುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಸೆಕೆಂಡಿಗೆ ಎರಡೇ ಅಳತೆ ಸಿಗುತ್ತದೆ. ಎರಡೂ ಬೇಡ, ">" ಬರುವವರೆಗೆ ಕಾಯಿರಿ.

ಟೈಮ್‌ಔಟ್ ಮೊದಲ ಪ್ರಶ್ನೆಗೆ 10 ಸೆಕೆಂಡ್, ಆಮೇಲಿನವಕ್ಕೆ 2 ಸೆಕೆಂಡ್ ಇಡಿ. ಬಂದ ಬೈಟ್‌ಗಳಲ್ಲಿ ಆಗಾಗ ಸೊನ್ನೆ ಬೆಲೆಯ ಅಕ್ಷರ ನುಸುಳುತ್ತದೆ, ಅದನ್ನು ತೆಗೆದುಹಾಕಿ. "ನೋ ಡೇಟಾ", "ಸ್ಟಾಪ್ಡ್", "ಕ್ಯಾನ್ ಎರರ್", "ಬಫರ್ ಫುಲ್", "?" ಇವುಗಳನ್ನು ಮೊದಲೇ ಪರೀಕ್ಷಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಮಾತ್ರ ಹೆಕ್ಸ್ ಎಂದು ಓದಿ. "ನೋ ಡೇಟಾ" ದೋಷವಲ್ಲ. ಆ ಕಾರಿನಲ್ಲಿ ಆ ಅಳತೆ ಇಲ್ಲ ಎಂದಷ್ಟೇ ಅರ್ಥವಾಗಿರಬಹುದು.

ಪ್ರತಿ ಸಲ ಕಾರಿನಲ್ಲಿ ಕೂತು ಕೋಡ್ ತಿದ್ದುವ ಅಗತ್ಯ ಇಲ್ಲ. ಇಎಲ್‌ಎಂ327-ಎಮ್ಯುಲೇಟರ್ ಎಂಬ ಪೈಥಾನ್ ಪ್ಯಾಕೇಜ್ ಲ್ಯಾಪ್‌ಟಾಪಿನಲ್ಲೇ ಸುಳ್ಳು ಅಡಾಪ್ಟರ್ ಒಂದನ್ನು ಎಬ್ಬಿಸುತ್ತದೆ. ಹಂತ 1ರಲ್ಲಿ ಉಳಿಸಿದ ಸಂಭಾಷಣೆಯನ್ನೂ ಪರೀಕ್ಷೆಗೆ ಬಳಸಿ. ಎಮ್ಯುಲೇಟರ್ ಯಾವಾಗಲೂ ಸಭ್ಯವಾಗಿ ಉತ್ತರಿಸುತ್ತದೆ, ನಿಮ್ಮ ಕಾರು ಹಾಗಲ್ಲ.

ಹಂತ 3: ಕಾರು ಏನೇನು ಕೊಡುತ್ತದೆ ಎಂದು ಕೇಳಿ

0100ರ ಉತ್ತರದಲ್ಲಿ 41 00 ಆದ ಮೇಲೆ ನಾಲ್ಕು ಬೈಟ್ ಇರುತ್ತವೆ, ಅಂದರೆ 32 ಬಿಟ್. ಒಂದೊಂದು ಬಿಟ್ ಒಂದೊಂದು ಪಿಐಡಿಗೆ ಹೌದು-ಇಲ್ಲ. ಎಡತುದಿಯ ಬಿಟ್ 01ನೇ ಪಿಐಡಿಯದು. ಬಲದಿಂದ ಎಣಿಸಿದರೆ ಪೂರ್ತಿ ತಲೆಕೆಳಗಾಗುತ್ತದೆ. ಮೊದಲ ಬೈಟ್ ಬಿಇ ಎಂದಿದ್ದರೆ ಅದು 1011 1110. ಅಂದರೆ 01, 03, 04, 05, 06, 07 ಇವೆ, 02 ಮತ್ತು 08 ಇಲ್ಲ. ಕೊನೆಯ ಬಿಟ್ 1 ಇದ್ದರೆ 0120 ಕೇಳಿ ಮುಂದಿನ 32 ಪಡೆಯಬಹುದು, ಹಾಗೇ 0140.

ಎರಡು ಇಸಿಯು ಉತ್ತರಿಸಿದರೆ ಎರಡು ಪಟ್ಟಿ ಬೇರೆ ಬೇರೆ ಇಡಿ. ಎಟಿಎಚ್1 ಹಾಕಲು ಹೇಳಿದ್ದು ಇದಕ್ಕೇ.

ಹಂತ 4: ಬೈಟ್‌ನಿಂದ ಅಳತೆಗೆ

ಕೂಲೆಂಟ್ ಉಷ್ಣತೆಗೆ 0105 ಕೇಳಿದಿರಿ ಎಂದುಕೊಳ್ಳಿ. ಉತ್ತರ: 7ಇ8 03 41 05 82. ವಿಳಾಸ 7ಇ8. 03 ಎಂದರೆ ಮುಂದೆ ಲೆಕ್ಕಕ್ಕಿರುವುದು ಮೂರೇ ಬೈಟ್. 41 ಎಂದರೆ 01ನೇ ಮೋಡ್‌ಗೆ ಉತ್ತರ (ಮೋಡ್ ಎಂದರೆ ಪ್ರಶ್ನೆಯ ಬಗೆ, ಕಮಾಂಡಿನ ಮೊದಲ ಎರಡು ಅಂಕಿ; ಅದಕ್ಕೆ ಹೆಕ್ಸ್ 40 ಕೂಡಿದ್ದು), 05 ನೀವು ಕೇಳಿದ ಪಿಐಡಿ, 82 ಬೆಲೆ. ಹೆಕ್ಸ್ 82 ಎಂದರೆ 130. ಅದರಿಂದ 40 ಕಳೆದರೆ 90 ಡಿಗ್ರಿ ಸೆಲ್ಸಿಯಸ್.

ಆ 03 ಎಂಬ ಉದ್ದದ ಬೈಟನ್ನು ಕಡೆಗಣಿಸಬೇಡಿ. ಕೆಲವು ಕಾರುಗಳು ಎಂಟು ಬೈಟ್ ತುಂಬಿಸಲು ಹಿಂದೆ 00 ಅಥವಾ ಎಎ ಸೇರಿಸುತ್ತವೆ. ಉದ್ದ ನೋಡಿ ಕತ್ತರಿಸದಿದ್ದರೆ ಅವೂ ಅಳತೆಯೊಳಗೆ ಸೇರಿಕೊಳ್ಳುತ್ತವೆ.

ಮೊದಲಿಗೆ ಇಷ್ಟು ಸಾಕು. ಮೊದಲ ಬೈಟ್ ಎ, ಎರಡನೆಯದು ಬಿ ಎಂದಿಟ್ಟುಕೊಂಡರೆ:

010ಸಿ, ಎಂಜಿನ್ ಆರ್‌ಪಿಎಂ: (256 × ಎ + ಬಿ) ÷ 4
010ಡಿ, ವೇಗ: ಎ, ಕಿಮೀ ಗಂಟೆಗೆ
0104, ಎಂಜಿನ್ ಲೋಡ್: ಎ × 100 ÷ 255, ಶೇಕಡಾ
010ಬಿ, ಇನ್‌ಟೇಕ್ ಮ್ಯಾನಿಫೋಲ್ಡ್ ಒತ್ತಡ, ಅಂದರೆ ಮ್ಯಾಪ್: ಎ, ಕಿಲೊಪಾಸ್ಕಲ್
010ಎಫ್, ಒಳಬರುವ ಗಾಳಿಯ ಉಷ್ಣತೆ: ಎ − 40
0110, ಗಾಳಿಯ ಹರಿವು: (256 × ಎ + ಬಿ) ÷ 100, ಸೆಕೆಂಡಿಗೆ ಗ್ರಾಂ
0106 ಮತ್ತು 0107, ಅಲ್ಪಾವಧಿ ಮತ್ತು ದೀರ್ಘಾವಧಿ ಫ್ಯುಯೆಲ್ ಟ್ರಿಮ್: ಎ × 100 ÷ 128 − 100, ಶೇಕಡಾ

ಆರ್‌ಪಿಎಂಗೆ 0ಸಿ 80 ಬಂದರೆ 12 × 256 + 128 = 3200, ನಾಲ್ಕರಿಂದ ಭಾಗಿಸಿದರೆ 800. ಒಳ್ಳೆಯ ಐಡಲ್.

ಲೆಕ್ಕ ಸರಿಯಿದೆಯೇ ಎಂದು ನೋಡಲು ಮ್ಯಾಪ್‌ಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎಂಜಿನ್ ನಿಂತಿರುವಾಗ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನಲ್ಲಿ 101ರ ಹತ್ತಿರ, ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ 88ರ ಆಸುಪಾಸು. ಬೆಂಗಳೂರಿನಲ್ಲಿ ನಿಂತು 101 ಕಂಡರೆ ಸೆನ್ಸರೋ ಸೂತ್ರವೋ ಸರಿಯಿಲ್ಲ. ಕೂಲೆಂಟ್‌ಗೂ ಒಂದು ಪರೀಕ್ಷೆ ಇದೆ: ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬೆಳಿಗ್ಗೆ 0105 ಮತ್ತು 010ಎಫ್ ಎರಡೂ ಹೆಚ್ಚುಕಮ್ಮಿ ಒಂದೇ ತೋರಿಸಬೇಕು. ಮೈನಸ್ 40 ಬಂದರೆ ಚಳಿಯಲ್ಲ, ಸೆನ್ಸರಿನ ತಂತಿ ಕಡಿದಿರುವ ಸಾಧ್ಯತೆ.

ಹಂತ 5: ದೋಷದ ಕೋಡ್

03 ಎಂದು ಕಳಿಸಿದರೆ ದಾಖಲಾದ ಕೋಡುಗಳು, 07 ಎಂದರೆ ಇನ್ನೂ ಖಚಿತವಾಗದೆ ಬಾಕಿ ಇರುವವು. ಒಂದು ಕೋಡಿಗೆ ಎರಡು ಬೈಟ್. ಮೊದಲ ಎರಡು ಬಿಟ್ ಅಕ್ಷರ ಹೇಳುತ್ತವೆ: 00 ಪಿ (ಎಂಜಿನ್, ಗೇರ್), 01 ಸಿ (ಚಾಸಿ), 10 ಬಿ (ಬಾಡಿ), 11 ಯು (ಜಾಲ). ಮುಂದಿನ ಎರಡು ಬಿಟ್ ಮೊದಲ ಅಂಕಿ, ಉಳಿದ ಮೂರು ಹೆಕ್ಸ್ ಅಂಕಿ ಹಾಗೇ. 03 01 ಎಂದರೆ ಪಿ0301, ಮೊದಲನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಸಿ1 00 ಎಂದರೆ ಯು0100, ಎಂಜಿನ್ ಇಸಿಯು ಜೊತೆ ಸಂಪರ್ಕ ತಪ್ಪಿದೆ.

ಎಲ್ಲರೂ ಬೀಳುವ ಗುಂಡಿ ಇಲ್ಲಿದೆ. ಕ್ಯಾನ್ ಕಾರಿನಲ್ಲಿ 43 ಆದ ಮೇಲಿನ ಬೈಟ್ ಕೋಡುಗಳ ಎಣಿಕೆ: 43 01 03 01 ಎಂದರೆ ಒಂದೇ ಕೋಡ್. ಹಳೆಯ ಕೆ-ಲೈನ್ ಕಾರಿನಲ್ಲಿ ಎಣಿಕೆ ಇರುವುದಿಲ್ಲ. 43 ಆದ ಮೇಲೆ ನೇರ ಮೂರು ಜೋಡಿ, ಖಾಲಿ ಜಾಗದಲ್ಲಿ 00 00. ಈ ವ್ಯತ್ಯಾಸ ಗಮನಿಸದೆ ಬರೆದ ಪ್ರೋಗ್ರಾಂ ಕ್ಯಾನ್ ಕಾರಿನಲ್ಲಿ ಮೇಲಿನ ಸಾಲನ್ನೇ ಪಿ0103 ಎಂದು ಓದಿ, ಗಾಳಿ ಅಳೆಯುವ ಸೆನ್ಸರಿನ ಮೇಲೆ ಗೂಬೆ ಕೂರಿಸುತ್ತದೆ. ನೀವು ಸ್ಪಾರ್ಕ್ ಪ್ಲಗ್ ಬಿಟ್ಟು ಸೆನ್ಸರ್ ಖರೀದಿಸುತ್ತೀರಿ.

ಮೂರು ಅಥವಾ ಹೆಚ್ಚು ಕೋಡುಗಳಿದ್ದರೆ ಉತ್ತರ ಒಂದು ಸಾಲಿಗೆ ಹಿಡಿಸುವುದಿಲ್ಲ. ಮೊದಲ ಸಾಲಿನಲ್ಲಿ ವಿಳಾಸದ ನಂತರ 10 ಮತ್ತು ಒಟ್ಟು ಉದ್ದ, ಆಮೇಲಿನ ಸಾಲುಗಳಲ್ಲಿ 21, 22 ಎಂಬ ಕ್ರಮಸಂಖ್ಯೆ. ಜೋಡಿಸುವ ಕೋಡನ್ನು 0902ರಿಂದ ಪರೀಕ್ಷಿಸಿ. ಅದು ಚಾಸಿ ನಂಬರ್ ಕೊಡುತ್ತದೆ: ಉದ್ದ ಹೆಕ್ಸ್ 14, ಅಂದರೆ 20 ಬೈಟ್, 49 02 01 ಬಿಟ್ಟರೆ ಸರಿಯಾಗಿ 17 ಅಕ್ಷರ. ಭಾರತದಲ್ಲಿ ತಯಾರಾದ ಕಾರಿನಲ್ಲಿ ಮೊದಲ ಅಕ್ಷರ ಸಾಮಾನ್ಯವಾಗಿ ಎಂ, ಹೆಕ್ಸ್‌ನಲ್ಲಿ 4ಡಿ. ಆರ್‌ಸಿ ಕಾರ್ಡ್ ಪಕ್ಕದಲ್ಲಿಟ್ಟು ತಾಳೆ ನೋಡಿ.

04 ಎಂಬ ಕಮಾಂಡ್ ಕೋಡುಗಳನ್ನು ಅಳಿಸುತ್ತದೆ. ಅದರ ಜೊತೆಗೆ ದೋಷ ಬಂದ ಕ್ಷಣದ ಅಳತೆಗಳ ಚಿತ್ರವನ್ನೂ (ಫ್ರೀಜ್ ಫ್ರೇಮ್, 02ನೇ ಮೋಡ್), ಇಸಿಯು ಮುಗಿಸಿಕೊಂಡಿದ್ದ ಸ್ವಯಂಪರೀಕ್ಷೆಗಳನ್ನೂ ಒರೆಸಿಹಾಕುತ್ತದೆ. ಮೆಕ್ಯಾನಿಕ್‌ಗೆ ಬೇಕಾದ ಸುಳಿವೇ ಅದು. ನಿಮ್ಮ ಪ್ರೋಗ್ರಾಂ 02, 03, 07 ಮೂರನ್ನೂ ಕಡತಕ್ಕೆ ಬರೆದ ಮೇಲಷ್ಟೇ 04 ಕಳಿಸಲು ಬಿಡುವಂತೆ ಬರೆಯಿರಿ.

ಹಂತ 6: ಲಾಗರ್

ಪ್ರತಿ ಸಾಲಿಗೆ ಮೂರೇ ಕಾಲಂ: ಸಮಯ, ಕೇಳಿದ್ದು, ಬಂದ ಕಚ್ಚಾ ಉತ್ತರ. ಲೆಕ್ಕ ಹಾಕಿದ ಅಳತೆ ಇದರಲ್ಲಿ ಬೇಡ. ಸೂತ್ರದಲ್ಲಿ ತಪ್ಪು ಕಂಡರೆ ಕಚ್ಚಾ ಕಡತದಿಂದ ಮತ್ತೆ ಲೆಕ್ಕ ಹಾಕಬಹುದು. ಕಾರನ್ನು ಮತ್ತೆ ಆಗುಂಬೆ ಘಾಟಿ ಹತ್ತಿಸಬೇಕಾಗಿಲ್ಲ. ಸಮಯಕ್ಕೆ ಗೋಡೆ ಗಡಿಯಾರದ ಬದಲು ಪೈಥಾನಿನ ಮೊನೊಟಾನಿಕ್ ಗಡಿಯಾರ ಬಳಸಿ. ಲ್ಯಾಪ್‌ಟಾಪ್ ನಡುವೆ ಗಂಟೆ ಸರಿಪಡಿಸಿಕೊಂಡರೂ ಅದು ಜಿಗಿಯುವುದಿಲ್ಲ.

ವೇಗ ಹೆಚ್ಚಿಸಲು ಮೂರು ದಾರಿ. ಒಂದು, ಎಲ್ಲವನ್ನೂ ಪ್ರತಿ ಸಲವೂ ಕೇಳಬೇಡಿ. ಆರ್‌ಪಿಎಂ, ಮ್ಯಾಪ್, ಟ್ರಿಮ್ ಪ್ರತಿ ಸುತ್ತಿಗೆ, ಕೂಲೆಂಟ್ 10 ಸೆಕೆಂಡಿಗೊಮ್ಮೆ. ಎರಡು, 010ಸಿ1 ಎಂದು ಕೊನೆಗೆ 1 ಸೇರಿಸಿದರೆ ಅಡಾಪ್ಟರ್ ಒಂದು ಉತ್ತರ ಬಂದ ಕೂಡಲೇ ಮುಗಿಸುತ್ತದೆ, ಸುಮ್ಮನೆ ಕಾಯುವುದಿಲ್ಲ. ಮೂರು, ಕ್ಯಾನ್ ಕಾರಿನಲ್ಲಿ ಒಂದೇ ಪ್ರಶ್ನೆಯಲ್ಲಿ ಆರು ಪಿಐಡಿವರೆಗೆ ಕೇಳಬಹುದು: 010ಸಿ0ಬಿ06. ಎರಡನೆಯದೂ ಮೂರನೆಯದೂ ಕೆಲವು ನಕಲು ಅಡಾಪ್ಟರುಗಳಲ್ಲಿ ನಡೆಯುವುದಿಲ್ಲ. ಮೊದಲು ಟರ್ಮಿನಲ್‌ನಲ್ಲಿ ನೋಡಿ. ಮೂರನೆಯದು ನಡೆದರೆ ಇನ್ನೊಂದು ಲಾಭ: ಅಳತೆಗಳು ಹೆಚ್ಚುಕಮ್ಮಿ ಒಂದೇ ಕ್ಷಣದವು. ಒಂದೊಂದಾಗಿ ಕೇಳಿದಾಗ ಆರ್‌ಪಿಎಂ ಒಂದು ಕ್ಷಣದ್ದು, ಮ್ಯಾಪ್ ಇನ್ನೊಂದು ಕ್ಷಣದ್ದು. ಆಕ್ಸಿಲರೇಟರ್ ಒತ್ತಿದ ಹೊತ್ತಿನಲ್ಲಿ ಆ ಎರಡನ್ನು ಜೋಡಿ ಮಾಡಿದರೆ ಅರ್ಥವಿಲ್ಲ.

ಓಡಿಸುವಾಗ ಲ್ಯಾಪ್‌ಟಾಪ್ ಪಕ್ಕದವರ ಕೈಯಲ್ಲಿರಲಿ, ಪರದೆಯನ್ನು ಯಾರೂ ನೋಡುವ ಅಗತ್ಯವೇ ಬೀಳದಂತೆ ಲಾಗರ್ ತಾನಾಗಿ ನಡೆಯಲಿ. ನಿಂತಲ್ಲೇ ಐಡಲ್ ಲಾಗ್ ಮಾಡುವುದಾದರೆ ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಹಂತ 7: ಫ್ಯುಯೆಲ್ ಟ್ರಿಮ್ ನಕ್ಷೆ

ಟ್ಯೂನಿಂಗ್ ಕಲಿಯಬೇಕೆಂದವರು ಇಲ್ಲಿ ನಿಧಾನಿಸಿ. ಫ್ಯುಯೆಲ್ ಟ್ರಿಮ್ ಎಂದರೆ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಇಂಧನ ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಎಂಬ ಶೇಕಡಾವಾರು. ಪ್ಲಸ್ ಎಂದರೆ ಸೇರಿಸುತ್ತಿದೆ, ಅಂದರೆ ಮಿಶ್ರಣ ತೆಳುವಾಗಿದೆ. ಹೆಕ್ಸ್ 90 ಬಂದರೆ 144, ಅಂದರೆ ಪ್ಲಸ್ 12.5. ಡೀಸೆಲ್ ಕಾರಿನವರಿಗೆ ಈ ಹಂತ ಅನ್ವಯಿಸುವುದಿಲ್ಲ.

ಒಂದು ಕೋಷ್ಟಕ ಮಾಡಿ. ಅಡ್ಡಕ್ಕೆ ಆರ್‌ಪಿಎಂ, 500ರ ಅಂತರದಲ್ಲಿ. ಉದ್ದಕ್ಕೆ ಮ್ಯಾಪ್, 10 ಕಿಲೊಪಾಸ್ಕಲ್ ಅಂತರದಲ್ಲಿ. ಮ್ಯಾಪ್ ಇಲ್ಲದ ಕಾರಾದರೆ 0104ರ ಲೋಡ್ ಬಳಸಿ. ಪ್ರತಿ ಚೌಕಕ್ಕೆ ಎರಡೂ ಟ್ರಿಮ್‌ಗಳ ಮೊತ್ತದ ಮಧ್ಯಾಂಕ ಹಾಕಿ. ಸರಾಸರಿ ಬೇಡ, ಒಂದೆರಡು ಹುಚ್ಚು ಅಳತೆ ಸಾಕು ಅದನ್ನು ಕೆಡಿಸಲು. 20ಕ್ಕಿಂತ ಕಡಿಮೆ ಅಳತೆ ಬಿದ್ದ ಚೌಕವನ್ನು ಖಾಲಿ ಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಜರಡಿ 0103. ಅದರ ಮೊದಲ ಬೈಟ್ 02 ಇದ್ದಾಗ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳುತ್ತಿದೆ. ಇದಕ್ಕೆ ಕ್ಲೋಸ್ಡ್ ಲೂಪ್ ಎನ್ನುತ್ತಾರೆ. 01 ಎಂದರೆ ಎಂಜಿನ್ ಇನ್ನೂ ಬಿಸಿಯಾಗಿಲ್ಲ. 04 ಎಂದರೆ ಜೋರಾಗಿ ಆಕ್ಸಿಲರೇಟರ್ ಒತ್ತಿದ್ದೀರಿ ಅಥವಾ ಇಳಿಜಾರಿನಲ್ಲಿ ಇಂಧನ ಪೂರ್ತಿ ನಿಂತಿದೆ. 02 ಅಲ್ಲದ ಹೊತ್ತಿನ ಅಳತೆಗಳನ್ನೆಲ್ಲ ಎಸೆಯಿರಿ.

ನಕ್ಷೆ ಓದುವುದು ಹೀಗೆ. ಬಹುಪಾಲು ಚೌಕ ಪ್ಲಸ್ ಮೈನಸ್ 5ರ ಒಳಗಿದ್ದರೆ ಚಿಂತೆಯಿಲ್ಲ, 10 ದಾಟಿದರೆ ಹುಡುಕಿ. ಐಡಲ್‌ನಲ್ಲಿ ಪ್ಲಸ್ 15 ಇದ್ದು 2500 ಆರ್‌ಪಿಎಂನಲ್ಲಿ ಸೊನ್ನೆಗೆ ಇಳಿದರೆ ಗಾಳಿ ಸೋರಿಕೆಯನ್ನು ಮೊದಲು ಶಂಕಿಸಿ: ಬಿರಿದ ವ್ಯಾಕ್ಯೂಮ್ ಪೈಪು, ಇನ್‌ಟೇಕ್ ಗ್ಯಾಸ್ಕೆಟ್. ಲೋಡ್ ಏರಿದಂತೆ ಪ್ಲಸ್ ಕೂಡ ಏರಿದರೆ ಇಂಧನ ಸಾಲುತ್ತಿಲ್ಲ: ಫಿಲ್ಟರ್, ಪಂಪ್, ಅಥವಾ ಕೊಳೆ ಹಿಡಿದ ಗಾಳಿಹರಿವಿನ ಸೆನ್ಸರ್. ಎಲ್ಲ ಚೌಕಗಳೂ ಒಂದೇ ಕಡೆಗೆ ಒಂದೇ ಅಳತೆ ಸರಿದಿದ್ದರೆ ಇಂಧನವೇ ಬದಲಾಗಿರಬಹುದು. ಅಪ್ಪಟ ಪೆಟ್ರೋಲಿಗೆ ಗಾಳಿಯ ಪ್ರಮಾಣ ತೂಕದಲ್ಲಿ 14.7 ಪಟ್ಟು, ಇ20ಕ್ಕೆ (ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್) ಸುಮಾರು 13.5. ಅಷ್ಟು ಇಂಧನ ಹೆಚ್ಚು ಬೇಕು, ಟ್ರಿಮ್ ಅದನ್ನು ತೋರಿಸುತ್ತದೆ. ಹಾಗಾಗಿ ಲಾಗಿನ ಹೆಸರಿನಲ್ಲೇ ಯಾವ ಇಂಧನ ಎಂದು ಬರೆದಿಡಿ. ಸಿಎನ್‌ಜಿ ಕಾರಿನಲ್ಲಿ ಗ್ಯಾಸಿನ ಓಟ, ಪೆಟ್ರೋಲಿನ ಓಟ ಎರಡಕ್ಕೂ ಬೇರೆ ಬೇರೆ ನಕ್ಷೆ.

ಇಸಿಯುವಿಗೆ ಬರೆಯಬೇಕೆಂದರೆ

ಮೇಲಿನದರಲ್ಲಿ 04 ಒಂದನ್ನು ಬಿಟ್ಟರೆ ಎಲ್ಲವೂ ಬರೀ ಓದು, ಕಾರಿಗೆ ಅಪಾಯವಿಲ್ಲ. ರೀಮ್ಯಾಪ್, ಅಂದರೆ ಇಸಿಯುವಿನೊಳಗಿನ ಕೋಷ್ಟಕಗಳನ್ನೇ ಬದಲಿಸುವುದು, ಬೇರೆ ಲೋಕ. ಅಲ್ಲಿ 27ನೇ ಸೇವೆಯ ಬೀಗ ತೆಗೆದು 34, 36, 37ರ ಮೂಲಕ ಹೊಸ ಕಡತ ತುಂಬಿಸಬೇಕು. ನಡುವೆ ವೋಲ್ಟೇಜ್ ಇಳಿದರೆ ಅಥವಾ ಕೇಬಲ್ ಅಲುಗಿದರೆ ಇಸಿಯು ಏಳದೇ ಹೋಗಬಹುದು, ಟೋ ಮಾಡಿಸಬೇಕಾಗಬಹುದು. ಅಗ್ಗದ ಇಎಲ್‌ಎಂ ನಕಲು ಈ ಕೆಲಸಕ್ಕೆ ಖಂಡಿತ ಬೇಡ. ವಾರಂಟಿ ಹೋಗುತ್ತದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ವಾಹನದ ಮಾರ್ಪಾಡಿಗೆ ನಿರ್ಬಂಧಗಳಿವೆ. ಹೊಗೆಯ ಮಾಲಿನ್ಯ ತಗ್ಗಿಸುವ ಡಿಪಿಎಫ್, ಇಜಿಆರ್ ಭಾಗಗಳನ್ನು ಆಫ್ ಮಾಡುವ ಕಡತ ಕೇಳಿ ಬರುವವರಿಗೆ ಈ ಲೇಖನದಲ್ಲಿ ಏನೂ ಇಲ್ಲ.

ಬರೆಯುವುದನ್ನೂ ಕಲಿಯಲೇಬೇಕೆಂದಿದ್ದರೆ ಮೇಜಿನ ಮೇಲೆ ಕಲಿಯಿರಿ. ಸ್ಪೀಡುಯಿನೊ ಎಂಬ ಮುಕ್ತ ಇಸಿಯು ಆರ್ಡುಯಿನೊ ಮೆಗಾ 2560 ಬೋರ್ಡಿನ ಮೇಲೆ ಓಡುತ್ತದೆ. ಇನ್ನೊಂದು ಆರ್ಡುಯಿನೊಗೆ ಆರ್ಡುಸ್ಟಿಮ್ ಹಾಕಿದರೆ ಅದು ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಹುಟ್ಟಿಸುತ್ತದೆ. 36 ಹಲ್ಲಿನಲ್ಲಿ ಒಂದಿಲ್ಲದ 36-1 ಚಕ್ರದಿಂದ ಶುರು ಮಾಡಿ, ಎರಡೂ ಬೋರ್ಡುಗಳ ಗ್ರೌಂಡ್ ಸೇರಿಸಿ, ಸ್ಪೀಡುಯಿನೊ ಹೊಂದಿಸುವ ತಂತ್ರಾಂಶವಾದ ಟ್ಯೂನರ್‌ಸ್ಟುಡಿಯೊದಲ್ಲಿ ಅದೇ ಚಕ್ರ ಆರಿಸಿ. ಆರ್‌ಪಿಎಂ ಸೊನ್ನೆಯಲ್ಲೇ ನಿಂತರೆ ಅಥವಾ ಸಿಂಕ್ ತಪ್ಪುತ್ತಲೇ ಇದ್ದರೆ ಮೊದಲು ಗ್ರೌಂಡ್ ತಂತಿ, ಆಮೇಲೆ ಹಲ್ಲಿನ ಲೆಕ್ಕ, ಕೊನೆಗೆ ಸಿಗ್ನಲ್ಲಿನ ಏರು-ಇಳಿ ಅಂಚಿನ ಆಯ್ಕೆ ನೋಡಿ. ಇಂಧನದ ಕೋಷ್ಟಕದಲ್ಲಿ ಒಂದು ಚೌಕ ಬದಲಿಸಿ ಇಂಜೆಕ್ಟರಿನ ಪಲ್ಸ್ ಎಷ್ಟು ಮಿಲಿಸೆಕೆಂಡ್ ಉದ್ದವಾಯಿತು ಎಂದು ಅಲ್ಲೇ ನೋಡಬಹುದು. ಹಾಳಾದರೆ ಹೋಗುವುದು ಒಂದು ಆರ್ಡುಯಿನೊ.